ಗುಡ್ಡೆ ಇರುವ ಕಡೆಗೆ

ಗಂಡ ಸತ್ತ ಮೇಲೆ ಲಾಂಡ್ರಿಯ ಹೊಣೆ ಅವಳ ತಲೆಗೆ ಬಂತು. ಅತ್ತಳೇ ಅಂದರೆ ಇಲ್ಲ. ಎದೆ ಮರಗಟ್ಟಿತ್ತು, ಅಷ್ಟೇ. ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಗೆದು, ಒಣಗಿಸಿ, ಮಡಿಸಿ ಕಳಿಸುವ ಕೆಲಸ. ಗಂಡ ಕೆಲಸದವರಲ್ಲಿ ಯಾರಿಗೂ ಇಂಥದ್ದೇ ಜಾಗ ಅಂತ ಕೊಟ್ಟವನಲ್ಲ. ಅವನದು ಒಂದೇ ಮಾತು: "ಬಟ್ಟೆ ಗುಡ್ಡೆ ಎಲ್ಲಿ ಬೆಳೀತಿದ್ಯೋ ಅಲ್ಲಿಗೆ ಹೋಗಿ." ಅವಳ ಕಣ್ಣಿಗೆ ಅದು ಬರೀ ಗೊಂದಲ.

ಅದಕ್ಕೇ ನೆಲದ ಮೇಲೆ ಹಳದಿ ಗೆರೆ ಎಳೆಸಿದಳು. ಒಗೆಯುವವರು ಇಲ್ಲಿ, ಒಣಗಿಸುವವರು ಅಲ್ಲಿ, ಮಡಿಸುವವರು ಮೇಜಿಗೊಬ್ಬರು. ಗೆರೆ ದಾಟುವಂತಿಲ್ಲ. ಎಲ್ಲರೂ ಹೂಂ ಎಂದರು. ಗಂಡನನ್ನು ಕಳೆದುಕೊಂಡವಳ ಮಾತಿಗೆ ಎದುರಾಡುವುದುಂಟೇ?

ಅಂದಿನಿಂದ ಆಸ್ಪತ್ರೆಗೆ ಹೋಗುವ ಗಾಡಿ ಹೊತ್ತಿಗೆ ಸರಿಯಾಗಿ ಹೊರಟದ್ದೇ ಇಲ್ಲ. ಕೊನೆಗೆ ಆಸ್ಪತ್ರೆಯಿಂದ ಫೋನ್ ಬಂತು: ಇವತ್ತೂ ತಡವಾದರೆ ಕೆಲಸ ಬೇರೆಯವರಿಗೆ. ಹಾಗಾದರೆ ಲಾಂಡ್ರಿಗೆ ಬೀಗ. ಊರವರ ಬಟ್ಟೆ ಒಗೆದವರ ಹೊಟ್ಟೆಗೇ ತಣ್ಣೀರು ಬಟ್ಟೆ.

ಅವಳು ತನ್ನ ಕೋಣೆಯಿಂದ ಹೊರಗೆ ಬಂದು ನೋಡಿದಳು. ಡ್ರೈಯರ್ ಮುಂದೆ ಒದ್ದೆ ಬಟ್ಟೆ ಎದೆಮಟ್ಟ ಬಿದ್ದಿದೆ. ಒಗೆಯುವವರು ಕೈಕಟ್ಟಿ ನಿಂತಿದ್ದಾರೆ. ಎಲ್ಲರೂ ಕುಳ್ಳಿ ಎಂದು ಕರೆಯುವ ಮಡಿಸುವ ಹೆಂಗಸು ದೊಡ್ಡ ಬೆಡ್‌ಶೀಟೊಂದನ್ನು ತಲೆಯ ಮೇಲೆತ್ತಿ ಒಬ್ಬಳೇ ಹೆಣಗುತ್ತಿದ್ದಾಳೆ. ಪಕ್ಕದ ಮೇಜಿನವಳದೂ ಅದೇ ಪಾಡು.

"ಇಬ್ರೂ ಸೇರಿ ಮಡಿಸಬಾರ್ದಾ?"

"ಮಧ್ಯ ಗೆರೆ ಇದ್ಯಲ್ಲ, ಅತ್ತಿಗೆ," ಎಂದಳು ಕುಳ್ಳಿ.

"ಮೊದ್ಲೇ ಹೇಳೋದಲ್ವಾ?"

"ಯಾವ ಬಾಯಲ್ಲಿ ಹೇಳೋದು? ನೀವು ಊಟಾನೇ ಮಾಡ್ತಿರ್ಲಿಲ್ಲ."

ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ. "ಗೆರೆ ಬಿಟ್ಟಾಕಿ," ಎಂದಳು. "ಅವರು ಹೇಳ್ತಿದ್ದ ಹಾಗೇ ಮಾಡಿ."

ಆಮೇಲೆ ಯಾರೂ ಯಾರಿಗೂ ಕೆಲಸ ಹೇಳಬೇಕಾಗಲಿಲ್ಲ. ಒಗೆಯುವವರು ಡ್ರೈಯರ್ ಕಡೆ ನಡೆದರು. ಅಲ್ಲಿನ ಗುಡ್ಡೆ ಕರಗಿ ಮೇಜಿನ ಮೇಲೆ ಏರಿದಾಗ ಎಲ್ಲರೂ ಅತ್ತ ಸರಿದರು. ಗಾಡಿ ತುಂಬತೊಡಗಿತು. ಅವಳಿಗೆ ಮಾತ್ರ ಮಾಡಲು ಏನೂ ಉಳಿಯಲಿಲ್ಲ. ತನ್ನದೇ ಲಾಂಡ್ರಿಯಲ್ಲಿ ನೆಂಟಳ ಹಾಗೆ ಬಾಗಿಲ ಬಳಿ ನಿಂತಳು.

ಎಲ್ಲರೂ ಜೋಡಿ ಜೋಡಿಯಾಗಿ ಮಡಿಸುತ್ತಿದ್ದರು. ಪಕ್ಕದ ಮೇಜಿನವಳೂ ತನ್ನ ಹಳೆಯ ಜೋಡಿಯನ್ನು ಸೇರಿಕೊಂಡಿದ್ದಳು. ಕುಳ್ಳಿಗೆ ಮಾತ್ರ ಜೋಡಿ ಇರಲಿಲ್ಲ. ಮೊದಲೆಲ್ಲ ಅವಳ ಎದುರಿನ ತುದಿ ಹಿಡಿಯುತ್ತಿದ್ದವನು ತೀರಿಹೋದ ಯಜಮಾನನೇ. ಕುಳ್ಳಿ ಇತ್ತ ತಿರುಗಿ ಬೆಡ್‌ಶೀಟಿನ ಎರಡು ಮೂಲೆ ಚಾಚಿದಳು.

"ಗುಡ್ಡೆ ಇಲ್ಲಿದೆ, ಅತ್ತಿಗೆ."

ಅವಳು ಗೆರೆ ದಾಟಿ ಹೋಗಿ ಹಿಡಿದಳು. ಇಬ್ಬರೂ ಎಳೆದು ಕೊಡವಿದರು. ಮೂಲೆಗೆ ಮೂಲೆ ಸೇರಿಸಲು ಕುಳ್ಳಿ ಹತ್ತಿರ ಬಂದರೂ ಅವಳು ಕೈ ಬಿಡಲಿಲ್ಲ. ಬಟ್ಟೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು.

"ಬೆಚ್ಚಗಿದೆ," ಎಂದಳು. ದನಿ ಒಡೆಯಿತು.

"ಹಿಡ್ಕೊಳ್ಳಿ," ಎಂದಳು ಕುಳ್ಳಿ. "ಗಾಡಿಗೆ ಇನ್ನೂ ಹೊತ್ತಿದೆ."