ಗೂಡಿನೊಳಗೆ ಅಳಿಯಂದಿರು

ಲಿಫ್ಟ್ ರಿಪೇರಿ ಮಾಡುವ ಅಳಿಯ ಹಿತ್ತಲಿನಲ್ಲಿ ಕೋಳಿ ಸಾಕುತ್ತೇನೆಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ಹೆಂಡತಿ ಬೆಳಗ್ಗೆ ಎದ್ದವಳೇ ಔಷಧಿ ಅಂಗಡಿಯ ಕೆಲಸಕ್ಕೆ ಓಡುತ್ತಿದ್ದಳು. ಜೊತೆಯಲ್ಲೇ ಇದ್ದ ಅತ್ತೆ ಬೀದಿಯ ಕೊನೆಯ ಪರದೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಳಿಯನ ಫೋನಂತೂ ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಬಡಿದುಕೊಳ್ಳುತ್ತಿತ್ತು.

ಅತ್ತೆ ಮಾತ್ರ ಒಂದು ಮಾತು ಕೇಳಿದರು.

"ಅಲ್ಲ ಅಳಿಯಂದ್ರೆ, ಈ ಮನೇಲಿ ನಾವೇ ಒಬ್ಬರ ಮುಖ ಒಬ್ಬರು ನೋಡೋದು ರಜಾ ದಿನ. ಪಾಪ, ಆ ಕೋಳಿಗಳು ಯಾರ ಮುಖ ನೋಡ್ಕೊಂಡು ಮೊಟ್ಟೆ ಇಡಬೇಕು?"

"ಕೋಳಿಗೆ ನಮ್ಮ ಮುಖ ಯಾಕೆ ಅತ್ತೆ? ಕಾಳು, ನೀರು ಇದ್ರೆ ಆಯ್ತು."

"ಆಯ್ತಪ್ಪ. ಕೋಳಿ ಕೇಳಿ ಯಾರೂ ಮಸಾಲೆ ಅರೆಯಲ್ಲ, ಅತ್ತೆ ಕೇಳಿ ಯಾರೂ ಕೋಳಿ ತರಲ್ಲ. ಆದ್ರೆ ಒಂದು ಹೇಳಿರ್ತೀನಿ, ನಾನಂತೂ ಆ ಕಡೆ ತಲೆ ಹಾಕಿಯೂ ಮಲಗಲ್ಲ."

ನಾಲ್ಕು ಹೇಂಟೆಗಳು ಬಂದವು. ಹಳೆಯ ಮರದ ಬೀರುವೊಂದನ್ನು ಅಡ್ಡ ಮಲಗಿಸಿ ಅಳಿಯ ಗೂಡು ಮಾಡಿದ. ಒಳಗೆ ಹುಲ್ಲು ಹಾಸಿದ. ಮೊಟ್ಟೆ ತೆಗೆಯಲೆಂದು ಹಿಂಬದಿಗೆ ಕೈ ತೂರುವಷ್ಟು ಅಗಲದ ಪುಟ್ಟ ಮುಚ್ಚಳ ಕೂರಿಸಿದ. ಬೆಳಗಿನದೇನೂ ತೊಂದರೆಯಿರಲಿಲ್ಲ. ಕಷ್ಟವಾದದ್ದು ಸಂಜೆಯದು. ಕತ್ತಲಾಗುತ್ತಲೇ ಕೋಳಿಗಳೇನೋ ತಾವಾಗಿ ಒಳಗೆ ಹೋಗುತ್ತಿದ್ದವು, ಆದರೆ ಬಾಗಿಲು ಹಾಕುವವರು ಮನೆಯಲ್ಲಿರಬೇಕಲ್ಲ? ಎದುರು ಮನೆಯ ಗಡವ ಬೆಕ್ಕು ಗೋಡೆಯ ಮೇಲೆ ಕೂತು, ಈ ಮನೆಯವರ ಡ್ಯೂಟಿ ವೇಳೆಯನ್ನು ಅವರಿಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತಿತ್ತು.

ಅಳಿಯ ಸುಮ್ಮನೆ ಕೂರುವವನಲ್ಲ. ಕಳಚಿ ಹಾಕಿದ ಲಿಫ್ಟಿನ ಒಂದು ಸಣ್ಣ ಮೋಟರು ತಂದ. ಬೆಳಕು ಬಂದರೆ ತೆರೆಯುವ, ಕತ್ತಲಾದರೆ ಮುಚ್ಚುವ ಜಾರುಬಾಗಿಲು ಮಾಡಿಯೇಬಿಟ್ಟ. ಮೊದಲ ಸಂಜೆ ಬಾಗಿಲು ಗುಂಯ್ ಎನ್ನುತ್ತ ಜಾರಿ ಮುಚ್ಚಿಕೊಂಡಾಗ ಅವನ ಮುಖ ನೋಡಬೇಕಿತ್ತು.

"ಮಾವನವರು ಇದ್ದಿದ್ರೆ ಬೆನ್ನು ತಟ್ತಿದ್ರು" ಎಂದ.

"ಅವರೇನೋ ತಟ್ತಿದ್ರು" ಎಂದರು ಅತ್ತೆ. "ನಂಗೊಂದೇ ಅನುಮಾನ. ಇದು ಕೋಳಿಗಳನ್ನ ಎಷ್ಟನೇ ಮಹಡಿಗೆ ಕರ್ಕೊಂಡು ಹೋಗುತ್ತೆ?"

ಬಾಗಿಲು ಗೆದ್ದಿತು. ಮೊಟ್ಟೆ ಮಾತ್ರ ಸೋತಿತು. ನಾಲ್ಕೂ ಹೇಂಟೆಗಳು ತಿಂದು ಉಂಡು ಬೀಗುತ್ತಿದ್ದವು, ಆದರೆ ಸಂಜೆ ಅಳಿಯ ಮುಚ್ಚಳ ತೆಗೆದರೆ ಒಂದು ಮೊಟ್ಟೆ ಸಿಕ್ಕರೆ ಪುಣ್ಯ. ಕಾಳು ಬದಲಾಯಿಸಿದ. ಹುಲ್ಲು ಬದಲಾಯಿಸಿದ. ಲಿಫ್ಟಿನ ತುದಿಯಲ್ಲಿ ನೇತಾಡುವಾಗಲೂ ಕೋಳಿ ಸಾಕುವವರ ವಿಡಿಯೋ ನೋಡಿದ. ಯಾರೋ ಹೇಳಿದರೆಂದು ಗೂಡಿನಲ್ಲಿ ಕನ್ನಡಿಯನ್ನೂ ತೂಗುಹಾಕಿದ.

"ತವರು ನೆನಪಾಗಿರಬೇಕು" ಎಂದು ಅತ್ತೆ ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು. ಹೆಂಡತಿ ಕೆಮ್ಮಿದಂತೆ ಮಾಡಿ ನೀರು ಕುಡಿದಳು.

ಕೊನೆಗೊಂದು ದಿನ ಇಲಿಯ ಕೆಲಸವೇ ಇರಬೇಕೆಂದು ತೀರ್ಮಾನಿಸಿ, ಅಳಿಯ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಬಿಲ ಹುಡುಕಲು ಟಾರ್ಚು ಹಿಡಿದು, ಮಂಡಿಯೂರಿ, ಹೊಟ್ಟೆ ಎಳೆದುಕೊಂಡು ಗೂಡಿನೊಳಗೆ ತೂರಿದ. ಬಿಲವಿರಲಿಲ್ಲ. ಮೂರು ಬೆಚ್ಚನೆಯ ಮೊಟ್ಟೆಗಳಿದ್ದವು! ಅವನು ಹಿಗ್ಗುವಷ್ಟರಲ್ಲಿ ಹೊರಗೆ ದಟ್ಟ ಮೋಡ ಕವಿಯಿತು. ಬಾಗಿಲಿಗೆ ಅದು ಮೋಡವೆಂದು ಹೇಗೆ ಗೊತ್ತಾಗಬೇಕು? ಸಂಜೆಯಾಯಿತೆಂದುಕೊಂಡು ಗುಂಯ್ ಎಂದು ಮುಚ್ಚಿಕೊಂಡಿತು. ಕೋಳಿಗಳೂ ಅದೇ ಲೆಕ್ಕ ಹಾಕಿ ಒಂದೊಂದಾಗಿ ಅವನ ಬೆನ್ನ ಹಿಂದೆಯೇ ಒಳಗೆ ಬಂದಾಗಿತ್ತು. ದಪ್ಪನೆಯದೊಂದು ಅವನ ಹೆಗಲೇ ಕೂರಲು ಚೆನ್ನಾಗಿದೆ ಎಂದುಕೊಂಡಿತು.

ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಬಂದರೆ ಅದು ನಿಲ್ಲುತ್ತದೆ, ಒಳಗೂ ಗುಂಡಿ ಇರುತ್ತದೆ. ಕೋಳಿಗೆ ಅದೆಲ್ಲ ಯಾಕೆ ಎಂದು ಇವನು ಕೂರಿಸಿರಲಿಲ್ಲ. ಗುಂಡಿ ಹೊರಗಿತ್ತು, ಸ್ಪ್ಯಾನರೂ ಹೊರಗಿತ್ತು. ಹೆಂಡತಿಗೆ ಫೋನ್ ಮಾಡಲು ಹೊರಟು, ಔಷಧಿ ಅಂಗಡಿಯಲ್ಲಿ ಅವಳು ಬಿದ್ದು ಬಿದ್ದು ನಗುವುದನ್ನು ನೆನೆದು ಕೈ ಹಿಂತೆಗೆದ. ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ಯಾವುದೋ ಕಟ್ಟಡದಲ್ಲಿ ಹೆಂಗಸೊಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರು.

"ಗಾಬರಿ ಬೇಡಮ್ಮ" ಎಂದ ಅಳಿಯ, ರೂಢಿಯಂತೆ ಮೆತ್ತಗೆ. "ಗಾಳಿ ಆಡುತ್ತೆ, ಏನೂ ಆಗಲ್ಲ. ಬಾಗಿಲು ಎಳೀಬೇಡಿ. ಆರಾಮಾಗಿ ಕೂತ್ಕೊಳ್ಳಿ. ಜನ ಕಳಿಸ್ತೀನಿ."

"ನಿಮಗೇನ್ರೀ, ಹೊರಗೆ ಕೂತು ಹೇಳ್ತೀರ! ಅದೇನದು, ಕೋಳಿ ಕೂಗಿದ ಹಾಗೆ?"

"ಲೈನ್ ಸರಿ ಇಲ್ಲಮ್ಮ."

ಜೊತೆಯವನಿಗೆ ವಿಳಾಸ ತಿಳಿಸಿ ಫೋನ್ ಇಟ್ಟ ಮೇಲೆ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಚಪ್ಪಲಿಯ ಸಪ್ಪಳ. ಅತ್ತೆಯ ದನಿ. ಅದೂ ಅವನು ಎಂದೂ ಕೇಳಿರದ ಮುದ್ದಿನ ದನಿ.

"ಏನ್ರೇ ತಾಯಂದಿರಾ, ಇಷ್ಟು ಬೇಗ ಬಾಗಿಲು ಹಾಕ್ಕೊಂಡು ಕೂತಿದ್ದೀರಿ? ಮೋಡಕ್ಕೇ ಮುಚ್ಕೊಳ್ತಾ ನಿಮ್ಮಪ್ಪನ ಬಾಗಿಲು? ಹೋಗ್ಲಿ ಬಿಡಿ, ಬೈಕೋಬೇಡಿ. ಕೈ ಚುರುಕು, ಬುದ್ಧಿ ಆಮೇಲೆ ಬರುತ್ತೆ. ಆದ್ರೆ ಬಂಗಾರದಂಥ ಹುಡುಗ. ಅಳಿಯ ಅಲ್ಲ ಮಗಳ ಗಂಡ ಅಂತ ಗಾದೆ ಇದೆ. ನಂಗಂತೂ ಅವನು ಎರಡೂ ಅಲ್ಲ ಕಣ್ರೇ, ಮಗ. ಎದುರಿಗೆ ಹೇಳಿದ್ರೆ ಇನ್ನೊಂದು ಮೋಟರು ತಂದು ನನ್ನ ಮಂಚಕ್ಕೇ ಕೂರಿಸಿಬಿಟ್ಟಾನು. ಅದಕ್ಕೇ ಹೇಳಲ್ಲ."

ಮುಚ್ಚಳ ತೆರೆದುಕೊಂಡಿತು. ಕೈಯೊಂದು ಒಳಗೆ ಬಂದು, ಬಹಳ ದಿನದ ಅಭ್ಯಾಸ ಇರುವಂತೆ ಒಂದು ಮೊಟ್ಟೆ ಎತ್ತಿಕೊಂಡಿತು. ಮತ್ತೆ ಬಂದು ಇನ್ನೊಂದನ್ನು ಎತ್ತಿಕೊಂಡಿತು. ಮೂರನೆಯ ಸಲ ಹುಲ್ಲಿನಲ್ಲಿ ತಡಕಾಡುತ್ತ ಅಳಿಯನ ಮೂಗು ಹಿಡಿಯಿತು.

"ಅತ್ತೆ, ನಾನು."

ಅತ್ತೆ ಕಿರುಚಿದ್ದಕ್ಕೆ ಗೋಡೆಯ ಮೇಲಿನ ಬೆಕ್ಕು ಆಚೆ ಬಿತ್ತು.

ಆಮೇಲೆ ಮುಚ್ಚಳದ ಹತ್ತಿರ ಅತ್ತೆಯ ಒಂದು ಕಣ್ಣು ಕಾಣಿಸಿತು.

"ಅಳಿಯಂದ್ರೆ, ಒಳಗೇನು ಮಾಡ್ತಿದ್ದೀರಿ?"

"ನೀವು ಹೊರಗೇನು ಮಾಡ್ತಿದ್ದೀರಿ ಅತ್ತೆ?"

"ನಾನಾ? ಕೋಳಿಗಳನ್ನ ವಿಚಾರಿಸ್ಕೊಳ್ಳೋಣ ಅಂತ ಬಂದೆ."

"ಕೈಯಲ್ಲಿ ಮೊಟ್ಟೆ ಇದೆಯಲ್ಲ?"

"ಬಾಗಿಲು ತೆಗೀಲೋ ಬೇಡವೋ?"

ಗುಂಡಿ ಎಲ್ಲಿದೆಯೆಂದು ಅಳಿಯ ವಿವರಿಸಿದ. ಅತ್ತೆ ಅವಸರ ಮಾಡಲಿಲ್ಲ. ದಿನಾ ಊಟದ ನಡುವೆ ಫೋನಿನಲ್ಲಿ ಅವನು ಹೇಳುವುದನ್ನು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

"ಗಾಬರಿ ಬೇಡಪ್ಪ. ಗಾಳಿ ಆಡುತ್ತೆ. ಬಾಗಿಲು ಎಳೀಬೇಡಿ. ಮೊದಲು ಈ ಮೊಟ್ಟೆ ಸುದ್ದಿ ನನ್ನ ಮಗಳಿಗೆ ಹೇಳಲ್ಲ ಅಂತ ಮಾತು ಕೊಡಿ, ಆರಾಮಾಗಿ ತೆಗೀತೀನಿ."

"ನಾನು ಒಳಗಿದ್ದ ಸುದ್ದಿ ನೀವೂ ಹೇಳಬಾರದು."

ಒಪ್ಪಂದವಾಯಿತು. ತಲೆ ತುಂಬ ಹುಲ್ಲು ಮೆತ್ತಿಕೊಂಡು, ಅಂಬೆಗಾಲಿಡುತ್ತ ಅಳಿಯ ಹೊರಗೆ ಬಂದ. ಅತ್ತೆ ಸೆರಗಿನಿಂದ ಅವನ ಮುಖ ಒರೆಸಿದರು, ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡೇ.

"ಮೊಟ್ಟೆ ಎಲ್ಲ ಎಲ್ಲಿಗೆ ಹೋಗ್ತಿತ್ತು ಅತ್ತೆ?"

"ನಮ್ಮಂಗಡಿ ಹೆಂಗಸರಿಗೆ. ಮೊದಲನೇ ದಿನ ಸುಮ್ನೆ ತೋರಿಸೋಕೆ ಅಂತ ತಗೊಂಡು ಹೋದೆ. ನಮ್ಮ ಅಳಿಯಂದ್ರ ಕೋಳಿದು, ಅದಕ್ಕೊಂದು ತಾನಾಗೇ ಮುಚ್ಚೋ ಬಾಗಿಲೂ ಮಾಡಿದ್ದಾರೆ ಅಂತ ಹೇಳ್ಕೊಂಡೆ. ಆಮೇಲೆ ಅವರು ದಿನಾ ಕಾಯೋಕೆ ಶುರು ಮಾಡಿದ್ರು." ಮಾತು ನಿಲ್ಲಿಸಿ ಸೆರಗು ಸರಿಮಾಡಿಕೊಂಡರು. "ನೀವು ಎಲ್ಲಾನೂ ಕೇಳಿಸ್ಕೊಂಡ್ರಾ? ನಾನು ಕೋಳಿಗಳಿಗೆ ಹೇಳಿದ್ದು?"

"ಮಂಚಕ್ಕೆ ಮೋಟರು ಕೂರಿಸೋದು ಒಳ್ಳೆ ಯೋಚನೆ ಅತ್ತೆ" ಎಂದ ಅಳಿಯ. ಕಣ್ಣಿಗೆ ಹುಲ್ಲಿನ ಧೂಳು ಬಿತ್ತೆಂದು ಮುಖ ತಿರುಗಿಸಿದ.

ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ವಿಪರೀತ ಮರ್ಯಾದೆಯಿಂದ ಒಬ್ಬರಿಗೊಬ್ಬರು ಬಡಿಸಿಕೊಂಡರು. ಹೆಂಡತಿ ಒಂದಷ್ಟು ಹೊತ್ತು ನೋಡಿದಳು.

"ಅಮ್ಮ, ಇವತ್ತು ಸಿಕ್ಕಿಬಿದ್ದೆ ಅಲ್ವಾ?"

"ಯಾರು? ಏನು?"

"ಪರದೆ ಅಂಗಡಿ ಆಂಟಿ ಮೊದಲನೇ ವಾರವೇ ಮಾತ್ರೆ ತಗೊಳ್ಳೋಕೆ ಬಂದು, ಮೊಟ್ಟೆ ಬಹಳ ಚೆನ್ನಾಗಿತ್ತು ಅಂದ್ರು."

ಅಳಿಯ ಅನ್ನದ ಕೈಯನ್ನು ಹಾಗೇ ನಿಲ್ಲಿಸಿದ. "ಗೊತ್ತಿದ್ದೂ ಹೇಳಲಿಲ್ವಾ? ನಾನು ಕನ್ನಡಿ ಕಟ್ಟುವಾಗಲೂ?"

"ಕನ್ನಡಿ ಕಟ್ಟುವಾಗ ಹೇಳೋಣ ಅಂತಿದ್ದೆ ರೀ. ಕೋಳಿಗಳು ಅಷ್ಟು ಖುಷಿಯಾಗಿ ನೋಡ್ಕೊಳ್ತಿದ್ವು, ಮನಸ್ಸು ಬರಲಿಲ್ಲ."

ಮೊದಲು ನಕ್ಕವರು ಅತ್ತೆ. ಅಳಿಯ ಇನ್ನಷ್ಟು ಹೊತ್ತು ಸಿಟ್ಟಿನಲ್ಲಿರಬೇಕೆಂದುಕೊಂಡರೂ ಆಗಲಿಲ್ಲ.

ಮುಂದಿನ ರಜೆಯಲ್ಲಿ ಅವನು ಗೂಡಿನ ಒಳಗೊಂದು ಗುಂಡಿ ಕೂರಿಸಿದ. ಮಧ್ಯಾಹ್ನದ ಪಾಳಿ ಈಗ ಬಹಿರಂಗವಾಗಿ ಅತ್ತೆಯದೇ. ಟೀ ವಿರಾಮದಲ್ಲಿ ಬಂದು, ಪರದೆ ಬಟ್ಟೆಯ ತುಂಡುಗಳಲ್ಲಿ ತಾವೇ ಹೊಲಿದ ಚೀಲದಲ್ಲಿ ಮೊಟ್ಟೆ ತುಂಬಿಕೊಂಡು, ಎರಡನ್ನು ಮನೆಗೆಂದು ಬಿಟ್ಟು ಹೋಗುತ್ತಾರೆ.