ಮುಂದಿನ ಗೇಟು

ಶವದ ಪೆಟ್ಟಿಗೆ ಹೊತ್ತ ತೋಟದಾಳುಗಳು ಉದ್ಯಾನದ ಹಿಂಬಾಗಿಲಿನತ್ತ ತಿರುಗುತ್ತಿದ್ದಂತೆ ಸತ್ತವಳ ಮಗಳು ಓಡಿಬಂದು ಅಡ್ಡ ನಿಂತಳು.

“ಇಲ್ಲಿಂದ ಬೇಡ. ಮುಂದಿನ ಗೇಟಿಂದ ಹೋಗೋಣ.”

ಸ್ಮಶಾನವಿದ್ದದ್ದು ಉದ್ಯಾನದ ಆಚೆ ಬದಿಗೆ. ಸತ್ತವಳು ಉದ್ಯಾನದ ನಡುವಿನ ಮೌನವನದಲ್ಲಿ ಮದುವೆಗೆ ಮುಂಚಿನಿಂದಲೂ ದುಡಿದವಳು, ಆಳುಗಳಿಗೆಲ್ಲ ದೊಡ್ಡಕ್ಕ. ಅದನ್ನು ನೆನೆದು ಮೇಲ್ವಿಚಾರಕ ಹಿಂಬಾಗಿಲು ತೆರೆಸಿ, ಪೊದೆಬೇಲಿಯ ಹಿಂದೆ ಗೊಬ್ಬರದ ಗಾಡಿ ಓಡಾಡುವ ಓಣಿಯಲ್ಲಿ ಹೆಣ ಒಯ್ಯಲು ಒಪ್ಪಿದ್ದ. ಇದೇ ದೊಡ್ಡ ಉಪಕಾರವೆಂದು ಅವನೂ ತಿಳಿದಿದ್ದ, ಸತ್ತವಳ ತಂಗಿಯೂ ತಿಳಿದಿದ್ದಳು.

“ಅಷ್ಟಾದ್ರೂ ಬಿಟ್ಟಿದ್ದಾರಲ್ಲ, ಸುಮ್ನಿರೇ,” ಎಂದು ಅವಳು ಅಕ್ಕನ ಮಗಳ ತೋಳು ಹಿಡಿದೆಳೆದಳು. “ಇವತ್ತೂ ಜಗಳ ಬೇಕಾ ನಿಂಗೆ?”

“ಅಮ್ಮ ಬದುಕಿದ್ದಾಗ ಅವಳಿಗಾಗಿ ಯಾರೂ ಆಡ್ಲಿಲ್ವಲ್ಲ ಚಿಕ್ಕಮ್ಮ. ಬಾಕಿ ಇದೆ.”

ಜೀವಮಾನವೆಲ್ಲ ಲಾರಿ ಓಡಿಸಿದ ಅವಳಪ್ಪ, ತಿರುಗಿಸಿ ಎಂಬಂತೆ ಹೊತ್ತವರಿಗೆ ಕೈಸನ್ನೆ ಮಾಡಿದ. ಪೆಟ್ಟಿಗೆ ತಿರುಗಿತು.

*

ಮೌನವನ ನಕ್ಷೆ ಹಾಕಿ ಮಾಡಿದ ಕಾಡು. ಮೊದಲು ಅಲ್ಲಿದ್ದದ್ದು ಒಡೆದ ಕಟ್ಟಡಗಳ ಕಲ್ಲುಮಣ್ಣಿನ ಗುಡ್ಡೆ. ಪಟ್ಟಣದ ಸದ್ದು ಕೇಳಬಾರದು, ಗೋಡೆ ಕಾಣಬಾರದು, ಯಾರೋ ಬೆಳೆಸಿದ್ದು ಅನ್ನಿಸಲೇಬಾರದು ಎಂದು ನಕ್ಷೆ ಹಾಕಿದವರ ಆಸೆ. ಹಾಗಾಗಿ ಬೆಳೆಸಿದವರೂ ಕಾಣಬಾರದೆಂದಾಯಿತು. ಜನ ಬರುವ ಹೊತ್ತಿಗೆ ಗುದ್ದಲಿ, ಬುಟ್ಟಿ, ಮೈಬೆವರು ಎಲ್ಲ ಬೇಲಿಯಾಚೆ. ಕೆಲಸ ಮುಗಿಸಿದವರು ಹಿಂದುಹಿಂದಕ್ಕೆ ನಡೆಯುತ್ತ, ಉದುರಿದ ಎಲೆಗಳನ್ನು ಪೊರಕೆಯಿಂದ ಎಳೆದು, ತಮ್ಮ ಹೆಜ್ಜೆಗುರುತನ್ನು ತಾವೇ ಅಳಿಸಬೇಕು. ನೆರಳು ಊರಿಗೆಲ್ಲ, ನೆಟ್ಟವರಿಗೆ ಬಿಸಿಲಿನ ಓಣಿ.

ಮಗಳು ಚಿಕ್ಕವಳಿದ್ದಾಗ ಶಾಲೆಯವರ ಜೊತೆ ಒಮ್ಮೆ ಅಲ್ಲಿಗೆ ಬಂದಿದ್ದಳು. ಟೀಚರು ಎಲ್ಲರಿಗೂ ಕಣ್ಣು ಮುಚ್ಚಿ ಕಾಡಿನ ಮೌನ ಕೇಳಲು ಹೇಳಿದರು. ಇವಳು ಮುಚ್ಚಲಿಲ್ಲ. ಬೇಲಿಯ ಸಂದಿಯಲ್ಲಿ ಅಮ್ಮನ ಮುಖ ಕಂಡಿತು, ಹಣೆಯ ಮೇಲೆ ಮಣ್ಣು. ಕೂಗಬೇಕೆಂದು ಬಾಯಿ ತೆರೆದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಬೇಡವೆಂದು ತಲೆಯಾಡಿಸಿದಳು. ಸಂಜೆ ಮನೆಯಲ್ಲಿ ಅಮ್ಮ ಆ ಮಾತೆತ್ತಲಿಲ್ಲ. ಮಗಳ ತಟ್ಟೆಗೆ ಸ್ವಲ್ಪ ಹೆಚ್ಚೇ ಬಡಿಸಿದಳು, ಅಷ್ಟೆ.

*

ಮುಂದಿನ ಗೇಟಿನಲ್ಲಿ ಮೇಲ್ವಿಚಾರಕ ಏದುಸಿರು ಬಿಡುತ್ತ ಓಡಿಬಂದ. ದೊಡ್ಡಕ್ಕ ತನಗೂ ಬೇಕಾದವಳೇ, ಆದರೆ ಇದು ವಾಕಿಂಗಿನ ಹೊತ್ತು, ಜನ ನೆಮ್ಮದಿಗೆಂದು ಬರುತ್ತಾರೆ, ಹೆಣ ಕಂಡರೆ ದೂರು ಕೊಡುತ್ತಾರೆ, ತನ್ನ ಕೆಲಸಕ್ಕೇ ಕುತ್ತು ಎಂದು ಗೋಗರೆದ.

ಮಗಳು ದನಿ ಏರಿಸಲಿಲ್ಲ. “ಬದುಕಿದ್ದಾಗ್ಲೂ ಕಾಣಬಾರದು, ಸತ್ತಮೇಲೂ ಕಾಣಬಾರದು. ಮತ್ತೆ ಯಾವಾಗ ಸಾರ್ ಕಾಣೋದು ಅವಳು?”

ಅವನು ಪೆಟ್ಟಿಗೆಯನ್ನು ನೋಡಿದ. ಹೊತ್ತವರಲ್ಲಿ ಮುಂದಿದ್ದವನಿಗೆ ‘ಮೆರವಣಿಗೆ’ ಎಂದೇ ಅಡ್ಡಹೆಸರು. ಕಾರ್ಮಿಕ ಸಂಘದ ಒಂದು ಮೆರವಣಿಗೆಯನ್ನೂ ಅವನು ತಪ್ಪಿಸಿದವನಲ್ಲ.

“ನೀವು ತಡೆದ್ರಿ, ನಾವು ಕೇಳ್ಲಿಲ್ಲ ಅನ್ನಿ ಸಾರ್. ನಾವೂ ಹಾಗೇ ಹೇಳ್ತೀವಿ. ಈಗ ದಾರಿ ಬಿಡಿ, ದೊಡ್ಡಕ್ಕ ಭಾರ ಇದ್ದಾಳೆ.”

ಮೇಲ್ವಿಚಾರಕ ಬೀಗವನ್ನು ಪರೀಕ್ಷಿಸುವವನಂತೆ ಅತ್ತ ತಿರುಗಿ ನಿಂತ.

ವನದ ದಾರಿ ಕಿರಿದು. ಯಾರೂ ಅವಸರ ಮಾಡಬಾರದೆಂದೇ ಹೆಜ್ಜೆಹೆಜ್ಜೆಗೂ ತಿರುವು ಕೊಟ್ಟಿದ್ದರು. ಪೆಟ್ಟಿಗೆ ಆ ದಾರಿಯನ್ನು ತುಂಬಿಕೊಂಡು ಸಾಗಿತು. ಹಿಂದಿನಿಂದ ಓಡುತ್ತ ಬಂದವನೊಬ್ಬ ದಾಟಲು ಜಾಗ ಸಿಗದೆ ನಡಿಗೆಗಿಳಿದ. ಅವನ ಹಿಂದೆ ಮನೆಬಾಡಿಗೆಯ ಮಾತಾಡುತ್ತಿದ್ದ ಇಬ್ಬರು ಮುದುಕರು ಸುಮ್ಮನಾದರು. ಒಬ್ಬಾಕೆ ನಾಯಿಯ ಹಗ್ಗವನ್ನು ಗಿಡ್ಡ ಮಾಡಿ ಹಿಡಿದಳು. ತಿರುವು ತಿರುವಿಗೂ ಜನ ಕೂಡಿಕೊಂಡರು.

ಅಪ್ಪ ಹಿಂತಿರುಗಿ ನೋಡಿ ಗಲಿಬಿಲಿಗೊಂಡ. “ಯಾರೇ ಇವರೆಲ್ಲ? ನಮ್ಮ ಕಡೆಯವರಾ?”

“ಈಗ ಹೌದಪ್ಪ.”

ಏರಿನಲ್ಲಿ ‘ಮೆರವಣಿಗೆ’ಯ ಕಾಲು ಜಾರಿತು. ಹೆಗಲು ಬದಲಿಸಲು ಅವನು ನೋಡದೆಯೇ ಹಿಂದಕ್ಕೆ ಕೈ ಚಾಚಿದ. ಯಾರೋ ನುಗ್ಗಿಬಂದು ಪೆಟ್ಟಿಗೆಯ ಅಡಿಗೆ ಹೆಗಲು ಕೊಟ್ಟರು. ಓಟದ ಬೆವರಿಗೆ ಆ ಅಂಗಿ ಮೈಗಂಟಿತ್ತು. ಕಿವಿಯಿಂದ ಕಳಚಿದ ಇಯರ್‌ಫೋನಿನ ತಂತಿ ಎದೆಯ ಮೇಲೆ ಜೋತಾಡುತ್ತ, ಆ ಕಾಡಿನಲ್ಲಿ ಸಣ್ಣಗೆ ಇನ್ನೂ ಹಾಡುತ್ತಿತ್ತು.