ಎದೆಮಟ್ಟಕ್ಕೆ ನಿಂತ ತೂಗುದೀಪ

ಅತ್ತಿಗೆಯ ಎರಡೂ ಕೈಗೆ ಬ್ಯಾಂಡೇಜು. ಅಮ್ಮ ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದಳು.

“ಸೊಸೆ ಬಂದ್ಮೇಲೆ ಕೂತು ಊಟ ಮಾಡ್ಬೋದು ಅಂದ್ಕೊಂಡಿದ್ದೆ. ಈಗ ನಾನೇ ತಿನ್ನಿಸೋ ಹಾಗಾಯ್ತು.”

“ಉಪ್ಪು ಕಡಿಮೆ ಅತ್ತೆ,” ಅಂದಳು ಅತ್ತಿಗೆ.

ಇಬ್ಬರೂ ನಕ್ಕರು. ಅಣ್ಣ ನಗಲಿಲ್ಲ. ಗೋಡೆ ನೋಡುತ್ತ ಕೂತಿದ್ದ.

ಅರಮನೆಯ ಹಳೆಯ ತೂಗುದೀಪವನ್ನು ಮತ್ತೆ ಹೊಳೆಯುವಂತೆ ಮಾಡುವ ಕೆಲಸ ನಮ್ಮದು. ಅದನ್ನು ನೆಲಕ್ಕಿಳಿಸಿ, ಗಾಜಿನ ಹರಳು ಬಿಡಿಸಿ, ಹೆಂಗಸರು ಸೋಪಿನ ನೀರಿನಲ್ಲಿ ತೊಳೆದರು. ಹಿತ್ತಾಳೆಯ ಕೊಂಬೆಗಳನ್ನು ನಾವು ಗಂಡಸರು ಉಜ್ಜಿದೆವು. ತಲೆಮಾರುಗಳ ಹೊಗೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸಭಾಂಗಣದ ಉದ್ಘಾಟನೆ ಹತ್ತಿರ ಬಂದಿತ್ತು. ಕಂಟ್ರಾಕ್ಟರ್ ತೊಟ್ಟಿಗೆ ನೀರು ಕಡಿಮೆ ಮಾಡಿ ಆಸಿಡ್ ಜಾಸ್ತಿ ಹಾಕಿಸಿದ. ಹಿತ್ತಾಳೆ ಅದ್ದಿ ತೆಗೆಯಲು ಅತ್ತಿಗೆಯನ್ನು ಕೂರಿಸಿದ.

“ಗ್ಲೌಸ್ ಕೊಡಿ ಸಾರ್,” ಎಂದು ಅವಳು ಕೇಳಿದ್ದಳು.

“ಏಯ್, ಮನೇಲಿ ಪಾತ್ರೆ ತೊಳೆಯೋಕೂ ಗ್ಲೌಸ್ ಹಾಕ್ತೀಯಾ?”

ಸಂಜೆಯೊಳಗೆ ಬೆರಳ ಚರ್ಮ ಸುಲಿದು ಬಂತು. ಆಸ್ಪತ್ರೆಯ ಬಾಗಿಲಲ್ಲಿ ಕಂಟ್ರಾಕ್ಟರ್ ಅಣ್ಣನ ಭುಜ ಹಿಡಿದ. “ಮನೇಲಿ ಬಚ್ಚಲು ತೊಳೆಯುವಾಗ ಆಯ್ತು ಅನ್ನು. ಅರಮನೆ ಹೆಸರೆತ್ತಿದ್ರೆ ಎಲ್ಲರ ಕೆಲಸವೂ ಹೋಗುತ್ತೆ.”

ಅಣ್ಣ ಹಾಗೇ ಹೇಳಿದ. ಈಗ ಡಾಕ್ಟರು, ಚರ್ಮ ಕಸಿ ಮಾಡದಿದ್ದರೆ ಬೆರಳು ಮಡಚಲು ಬರುವುದಿಲ್ಲ ಅನ್ನುತ್ತಾರೆ. ಗಾಯ ಕೆಲಸದಲ್ಲಿ ಆಗಿದ್ದರೆ ಚಿಕಿತ್ಸೆಯ ಖರ್ಚು ಅರಮನೆಯದು. ಬಚ್ಚಲಲ್ಲಿ ಆಗಿದ್ದರೆ ನಮ್ಮದು.

“ನಾಳೆ ದೀಪ ಏರಿಸ್ತಾರಲ್ಲ, ನಾನೂ ಬರ್ತೀನಿ,” ಅಂದಳು ಅತ್ತಿಗೆ.

“ನಿನ್ನ ಒಳಗೆ ಬಿಡಲ್ಲ,” ಅಂದ ಅಣ್ಣ.

“ಹರಳು ತೊಳೆದೋಳು ನಾನು. ಅದು ಹೇಗೆ ಬಿಡಲ್ಲ ನೋಡೋಣ.”

ಮರುದಿನ ಹಿಂಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಹರಳು ತೊಳೆಯುವವರ ಪೈಕಿ ಹಿರಿಯಳಾದ ಗುಂಡಕ್ಕ ಅತ್ತಿಗೆಯನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು.

“ನನ್ ಹಿಂದೇನೇ ನಡಿಯೇ. ಇಷ್ಟು ದಪ್ಪ ಆಗಿದ್ದು ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ.”

ಕಾವಲುಗಾರನಿಗೆ ಗುಂಡಕ್ಕ ಮಾತ್ರ ಕಂಡಳು.

ಸಭಾಂಗಣದ ಗೋಡೆಗೆ ರಾಟೆ. ಅದರ ಕಬ್ಬಿಣದ ಹಿಡಿಯನ್ನು ನಾನೂ ಅಣ್ಣನೂ ತಿರುಗಿಸಿದೆವು. ಸರಪಳಿ ಬಿಗಿಯಾಯಿತು. ಹರಳುಗಳು ಕಿಣಿಕಿಣಿ ಎಂದವು. ದೀಪ ನೆಲ ಬಿಟ್ಟಿತು, ಮೊಣಕಾಲು ದಾಟಿತು, ಎದೆಮಟ್ಟಕ್ಕೆ ಬಂತು. ಹೊರಗೆ ಕಾರುಗಳ ಬಾಗಿಲು ತೆಗೆದು ಮುಚ್ಚುವ ಸದ್ದು. ಅಣ್ಣ ನಿಂತ. ದೀಪ ಜಾರದಂತೆ ರಾಟೆಗೆ ಕೊಕ್ಕೆ ಸಿಕ್ಕಿಸಿ ಹಿಡಿಯನ್ನು ಕಳಚಿಕೊಂಡ.

“ಯಾಕೋ ನಿಲ್ಸಿದೆ? ಅತಿಥಿಗಳು ಬಂದ್ರು!” ಕಂಟ್ರಾಕ್ಟರ್ ಕೂಗಿದ.

ಅತ್ತಿಗೆ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಅಣ್ಣ ಹಿಡಿಯನ್ನು ತಂದು ಅವಳ ಮಡಿಲಲ್ಲಿಟ್ಟ.

“ಅವತ್ತು ಆಸ್ಪತ್ರೇಲಿ ನಾನು ಸುಳ್ಳು ಹೇಳ್ದೆ. ಇವತ್ತು ಹೇಳಲ್ಲ,” ಅಂದ. ಆ ದೊಡ್ಡ ಕೋಣೆಯಲ್ಲಿ ಅವನ ಮಾತು ಎಲ್ಲರಿಗೂ ಕೇಳಿಸಿತು.

ಗುಂಡಕ್ಕ ಅತ್ತಿಗೆಯ ಪಕ್ಕದಲ್ಲಿ ಕೂತಳು. ಉಳಿದ ಹೆಂಗಸರೂ ಕೂತರು. ನಾವೂ ಹೋಗಿ ಕೂತೆವು. ಕಂಟ್ರಾಕ್ಟರ್ ಸುತ್ತ ನೋಡಿದ. ರಾಟೆ ತಿರುಗಿಸಬಲ್ಲವರೆಲ್ಲ ನೆಲದ ಮೇಲಿದ್ದರು. ಅವನ ದನಿ ಇಳಿಯಿತು.

“ಕೊಡಮ್ಮ. ಆಮೇಲೆ ಮಾತಾಡೋಣ.”

“ನಿನ್ನೆವರೆಗೂ ‘ಏಯ್’, ಇವತ್ತು ‘ಅಮ್ಮ’! ಬಡ್ತಿ ಸಿಕ್ತು ಕಣೇ ನಿಂಗೆ,” ಅಂದಳು ಗುಂಡಕ್ಕ.

ಅರಮನೆಯ ಅಧಿಕಾರಿ ಅತಿಥಿಗಳನ್ನು ಕರೆದುಕೊಂಡು ಒಳಗೆ ಬಂದ. ಮೇಲೆ ನೋಡಲು ಕತ್ತು ಎತ್ತಿದವರಿಗೆ ಅಲ್ಲಿ ಬರೀ ಸರಪಳಿ ಕಂಡಿತು. ದೀಪ ಅವರ ಎದುರಿಗೇ ಇತ್ತು. ಒಂದೊಂದು ಹರಳಿನಲ್ಲೂ ಬಿಳಿ ಬ್ಯಾಂಡೇಜು ಕಾಣುತ್ತಿತ್ತು.

“ಏನ್ರೀ ಇದು?” ಅಧಿಕಾರಿ ಕೇಳಿದ.

ಕಂಟ್ರಾಕ್ಟರ್ ಅತ್ತಿಗೆಯ ಮುಂದೆ ಕೈ ಚಾಚಿದ. “ಕೊಡು ಅಂತಿದ್ದೀನಲ್ಲ!”

“ಎತ್ತಿ ಕೊಡೋಕೆ ನನ್ ಕೈಲಾಗಲ್ಲ ಸಾರ್. ನೀವೇ ತಗೊಳ್ಳಿ,” ಅಂದಳು ಅತ್ತಿಗೆ. “ಆದ್ರೆ ಯಾಕೆ ಆಗಲ್ಲ ಅಂತ ಮೊದಲು ಇವರಿಗೆ ಹೇಳಿ.”

ಅವನ ಚಾಚಿದ ಕೈ ಹಾಗೇ ಇತ್ತು. ನಾವ್ಯಾರೂ ಏಳಲಿಲ್ಲ.